ಡಬ್ಬಿ ಸಾಲದ ಆಯೋಗ

ಈ ದೇಶದ ಸಾಲ ಏರುತ್ತಲೇ ಇದೆ ಎಂದು ಟಿವಿಯವರು ಗಾಬರಿಯಿಂದ ಹೇಳುವಾಗ ನನಗೆ ಅಷ್ಟೇನೂ ಆಶ್ಚರ್ಯವಾಗುವುದಿಲ್ಲ. ಸಾಲ ಬೆಳೆಯುವುದಕ್ಕೆ ದುಂದುಗಾರರೇ ಬೇಕೆಂದಿಲ್ಲ, ಮರ್ಯಾದಸ್ಥರು ಸಾಕು. ಹಳ್ಳಿಯ ಶಾಲೆಯಲ್ಲಿ ಓದಿದ ನನಗೆ ಅರ್ಥಶಾಸ್ತ್ರ ಗೊತ್ತಿಲ್ಲ. ಆದರೆ ಮರ್ಫಿ ಎಂಬ ಈ ಪರದೇಶದ ಊರಿನ ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಸೂರು ಮುಟ್ಟುವಂತೆ ಏರಿದ್ದ ಡಬ್ಬಿಗಳ ರಾಶಿ ಗೊತ್ತು. ಮೊಮ್ಮಕ್ಕಳೇ, ನಿಮಗೂ ಅದು ನೆನಪಿರಬಹುದು. ಅದರಲ್ಲಿ ಒಂದು ಡಬ್ಬಿಯೂ ನಮ್ಮದಲ್ಲ.

ಬಂದ ಡಬ್ಬಿಯನ್ನು ಖಾಲಿಯಾಗಿ ಹಿಂದಿರುಗಿಸುವುದು ನಮ್ಮವರಲ್ಲಿ ಇಲ್ಲ. ಎರಡು ಮನೆ ಆಚೆಯ ಸುಮಾ ಬಿಸಿಬೇಳೆಬಾತು ಕಳಿಸಿದರೆ ಅದೇ ಡಬ್ಬಿಯಲ್ಲಿ ನಾನು ಕೋಡುಬಳೆ ಕಳಿಸಬೇಕು. ಬರೀ ಕೋಡುಬಳೆ ಕಳಿಸಿದರೆ ಕೈ ಬಿಗಿಯಾಯಿತೇನೋ ಎಂದು ನಮ್ಮದೊಂದು ಡಬ್ಬಿ ಚಟ್ನಿಪುಡಿಯನ್ನೂ ಜೊತೆಗಿಡುತ್ತೇನೆ. ಈಗ ಸಾಲ ಅವಳ ತಲೆಗೆ. ಅವಳೇನು ಸುಮ್ಮನಿರುವ ಹೆಣ್ಣಲ್ಲ, ಹಾಸನದವಳು. ಹೀಗೆ ತೀರಿಸಿದಷ್ಟೂ ಅದು ಬೆಳೆಯುತ್ತದೆ. ಬಲಗಡೆ ಮನೆಯ ಜೆರ್ರಿಗೂ ಒಮ್ಮೆ ಒಬ್ಬಟ್ಟು ಕಳಿಸಿದ್ದೆವು. ಆತ ಮಾರನೆಯ ದಿನವೇ ಡಬ್ಬಿಯನ್ನು ತೊಳೆದು ಒರೆಸಿ, ಖಾಲಿಯಾಗಿ ತಂದುಕೊಟ್ಟು, ಥ್ಯಾಂಕ್ಯೂ ಹೇಳಿ ಹೋದ. ಲೆಕ್ಕ ಚುಕ್ತಾ ಆಯಿತು. ಅಂದಿನಿಂದ ಅವನಿಗೂ ನಮಗೂ ದೂರದಿಂದ ಕೈ ಬೀಸುವಷ್ಟೇ ಸಂಬಂಧ.

ಒಂದು ಶನಿವಾರ ಹಾಲು ತೆಗೆಯಲು ಹೋದ ನಿಮ್ಮಪ್ಪನ ತಲೆಯ ಮೇಲೆ ಸುಮಾಳ ಸ್ಟೀಲ್ ಡಬ್ಬಿ ಬಿತ್ತು. ದೇಶಕ್ಕೆ ಬಿಕ್ಕಟ್ಟು ಬರುವುದೂ ಹೀಗೇ ಇರಬೇಕು. ಎಲ್ಲರೂ ದಿನಾ ನೋಡುತ್ತಿದ್ದದ್ದು ಒಬ್ಬರ ತಲೆಯ ಮೇಲೆ ಬೀಳುತ್ತದೆ. ನಿಮ್ಮಲ್ಲಿ ದೊಡ್ಡವಳಾದ ಈಶಾಗೆ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಆಗ ಇದೇ ವಿಷಯ: ದೇಶದ ಸಾಲ ಇಳಿಸಲು ಎರಡೂ ಪಕ್ಷದವರನ್ನು ಕೂರಿಸಿ ಒಂದು ಆಯೋಗ ಮಾಡಬೇಕೇ ಬೇಡವೇ. ಅಭ್ಯಾಸವೂ ಆಗಲಿ ಎಂದು ಅವಳು ಊಟದ ಮೇಜಿನಲ್ಲೇ ಆಯೋಗ ರಚಿಸಿದಳು. ನಿಮ್ಮಪ್ಪ ಒಂದು ಪಕ್ಷ, ನಿಮ್ಮಮ್ಮ ಇನ್ನೊಂದು. ಎಲ್ಲರೂ ಒಪ್ಪಿದರೆ ಮಾತ್ರ ವರದಿ.

"ಅಜ್ಜಿ, ನೀವು ಚೇರ್. ಯು ಕಾಂಟ್ ಟೇಕ್ ಸೈಡ್ಸ್," ಎಂದಳು.

ನಿಮ್ಮಪ್ಪ ಹುಬ್ಬಳ್ಳಿಯವರು, ನೇರ ವಿಷಯಕ್ಕೆ ಬಂದರು. "ಅತ್ತಿ, ತಗೊಳ್ಳೋದ ಬಂದ್ ಮಾಡ್ರಿ. ಸಾಲ ತಾನ ಇಳೀತದ."

"ಮನೆ ಬಾಗಿಲಿಗೆ ತಂದಿದ್ದನ್ನ ಬೇಡ ಅನ್ನಕ್ಕಾಗತ್ತಾ?" ಎಂದಳು ಮೈಸೂರಿನಲ್ಲಿ ಬೆಳೆದ ನಿಮ್ಮಮ್ಮ. "ಕೊಡೋದನ್ನ ಜಾಸ್ತಿ ಮಾಡ್ಬೇಕು. ಅಮ್ಮ ವಾರಕ್ಕೊಂದ್ಸಲ ಎಕ್ಸ್‌ಟ್ರಾ ಮಾಡಿದ್ರೆ ಎಲ್ಲಾ ಕ್ಲಿಯರ್ ಆಗತ್ತೆ."

"ಅವರ ಮೊಣಕಾಲು ಏನಾಗಬೇಕು?"

"ನಿನ್ನೆ ಸುಮಾ ಕಳ್ಸಿದ ಪುಳಿಯೋಗರೆ ಪೂರ್ತಿ ಮುಗಿಸ್ದಾಗ ಮೊಣಕಾಲು ನೆನಪಾಗ್ಲಿಲ್ವಾ?"

"ಅದು ಮೊದಲ ಬಂದಿತ್ತು. ಕೆಡಸ್ಲಿಕ್ಕೆ ಬರ್ತದೇನು?"

ಒಬ್ಬರಿಗೆ ಖರ್ಚು ಕಡಿತ ಬೇಕು, ಇನ್ನೊಬ್ಬರಿಗೆ ತೆರಿಗೆ ಏರಿಕೆ. ಯಾವ ತೆರಿಗೆಯಾದರೂ ಕಟ್ಟಬೇಕಾದವಳು ನಾನೇ. ಆದರೆ ನನ್ನ ಚಿಂತೆ ಮೊಣಕಾಲಿನದಾಗಿರಲಿಲ್ಲ. ನನಗೆ ಕಾರು ಬಾರದು, ಇಂಗ್ಲಿಷು ಅಷ್ಟಕ್ಕಷ್ಟೇ. ನಿಮ್ಮ ತಾತ ಇದ್ದಾಗ ಇಬ್ಬರ ಪರವಾಗಿಯೂ ಅವರೇ ಮಾತಾಡುತ್ತಿದ್ದರು. ಬರಿಗೈಯಲ್ಲಿ ಇನ್ನೊಬ್ಬರ ಮನೆಯ ಗಂಟೆ ಒತ್ತುವ ಧೈರ್ಯ ನನಗೆ ಇಂದಿಗೂ ಇಲ್ಲ. ಕೈಯಲ್ಲಿ ಡಬ್ಬಿಯಿದ್ದರೆ ಒತ್ತುತ್ತೇನೆ. ಈ ಊರಿನಲ್ಲಿ ನನ್ನನ್ನು ಕೇಳಿಕೊಂಡು ಬರುವವರೂ ಡಬ್ಬಿ ಹಿಡಿದವರೇ. ಸಾಲ ತೀರಿದರೆ ಸುಮಾಳೂ ಕೈ ಬೀಸುವವಳಾಗುತ್ತಾಳೆ. ಇದನ್ನು ಸಭೆಯ ಮುಂದೆ ಇಡಬಹುದಿತ್ತು. ಆದರೆ ಅಧ್ಯಕ್ಷರು ಪಕ್ಷ ವಹಿಸುವಂತಿಲ್ಲವಲ್ಲ.

ಕೊನೆಗೆ ಒಮ್ಮತದ ವರದಿ ಬಂತು. ಎಲ್ಲ ಡಬ್ಬಿಗಳಲ್ಲೂ ಅಂಗಡಿಯ ಮೈಸೂರುಪಾಕು ತುಂಬಿ ಒಂದೇ ದಿನ ಹಿಂದಿರುಗಿಸುವುದು, ಇನ್ನು ಮುಂದೆ ಕೊಡುವುದೂ ಬೇಡ, ತರುವುದೂ ಬೇಡ ಎಂದು ತಿಳಿಸುವುದು. ತಿಳಿಸುವವರು ಯಾರು ಎನ್ನುವಾಗ ಎರಡೂ ಪಕ್ಷಗಳು ಅಧ್ಯಕ್ಷರ ಮುಖ ನೋಡಿದವು.

ಭಾನುವಾರ, ಸುಮಾಳಂತೆ ಡಬ್ಬಿ ಕಳಿಸುತ್ತಿದ್ದ ಉಳಿದ ಮನೆಗಳವರಿಗೆ ದೇವಸ್ಥಾನದಲ್ಲೇ ಡಬ್ಬಿ ಒಪ್ಪಿಸಿದೆವು. ಆ ಗದ್ದಲದಲ್ಲಿ ನಾನು ಹೇಳಿದ್ದು ಯಾರಿಗೂ ಕೇಳಿಸಿದಂತಿರಲಿಲ್ಲ. ಸುಮಾಳದ್ದನ್ನು ಮಾತ್ರ ಸಂಜೆ ನಾನೇ ನಡೆದು ಕೊಟ್ಟುಬಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವಳು ಡಬ್ಬಿ ಹಿಡಿದುಕೊಂಡು ನಿಂತಳು.

"ಹಂಗಂದ್ರೆ ಇನ್ಮೇಲೆ ನೀವು ಬರಲ್ವಾ ಆಂಟಿ?"

ಆಯೋಗ ಕೊಡುವುದು ಬರೀ ಶಿಫಾರಸು, ಅದನ್ನು ಯಾರೂ ಪಾಲಿಸಲೇಬೇಕೆಂದಿಲ್ಲ ಎಂದು ಈಶಾ ಹೇಳಿದ್ದು ನೆನಪಾಯಿತು. "ಖಾಲಿ ಡಬ್ಬಿ ಒಂದಿದ್ರೆ ಕೊಡಮ್ಮ," ಎಂದೆ.

ಅವಳು ಒಳಗೆ ಹೋಗಿ ತಂದಳು. ಖಾಲಿ ಕೊಡಬಾರದೆಂದು ಅದರ ತುಂಬ ಸಜ್ಜಿಗೆ ಹಾಕಿಯೇ ತಂದಳು.

ಮನೆಗೆ ಬಂದಾಗ ಎರಡೂ ಪಕ್ಷಗಳು ಬಾಗಿಲಲ್ಲೇ ಕಾಯುತ್ತಿದ್ದವು. ನನ್ನ ಮುಖ ನೋಡಿದರು, ಕೈ ನೋಡಿದರು. ಆಮೇಲೆ ಹುಬ್ಬಳ್ಳಿಯೂ ಮೈಸೂರೂ ಒಂದೇ ದನಿಯಲ್ಲಿ, ಯಾವ ತಿದ್ದುಪಡಿಯೂ ಇಲ್ಲದೆ, ನನ್ನನ್ನು ಬೈದವು. ಅವರಿಬ್ಬರೂ ಅಷ್ಟು ಒಗ್ಗಟ್ಟಾಗಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಅಧ್ಯಕ್ಷಳಾಗಿ ಅಷ್ಟಾದರೂ ಸಾಧಿಸಿದೆನಲ್ಲ ಎಂದುಕೊಂಡು ಸಜ್ಜಿಗೆಯನ್ನು ಇಬ್ಬರಿಗೂ ಸಮನಾಗಿ ಹಂಚಿದೆ.