ಹದಿನಾಲ್ಕು ಹೃದಯಾಘಾತಗಳ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಇದುವರೆಗೆ ಹದಿನಾಲ್ಕು ಸಲ ಹೃದಯಾಘಾತವಾಗಿದೆ. ಅದರಲ್ಲಿ ಐದು ಒಂದೇ ಮಂಗಳವಾರ ಆದವು; ನಡುವೆ ಚಹಾ ಬಿಸ್ಕತ್ತಿನ ವಿರಾಮವೂ ಇತ್ತು! ಗಾಬರಿಯಾಗಬೇಡಿ, ಆರೋಗ್ಯ ಕಲ್ಲಿನಂತಿದೆ. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯಾಗಿ ನಟಿಸುತ್ತಾರೆ. ವಿದ್ಯಾರ್ಥಿ ಪ್ರಶ್ನೆ ಕೇಳಬೇಕು, ಚಿಕ್ಕಪ್ಪ ನರಳಬೇಕು, ಪರೀಕ್ಷಕರು ಅಂಕ ಹಾಕಬೇಕು.

ಮೈಸೂರಿನ ಕಾಲೇಜು ನಾಟಕಗಳಲ್ಲಿ ಮೂರು ವರ್ಷ ಈಟಿ ಹಿಡಿದು ದ್ವಾರಪಾಲಕನಾಗಿ ನಿಂತವರಿಗೆ ಕೊನೆಗೂ ಮಾತಿರುವ ಪಾತ್ರ ಸಿಕ್ಕಿದೆ. ಬಿಡುತ್ತಾರೆಯೇ? ನೋವೆಂದ ಕೂಡಲೇ ಕಿರುಚುವವನು ನಟನೇ ಅಲ್ಲ ಎಂಬುದು ಅವರ ಸಿದ್ಧಾಂತ. ಹೊಟ್ಟೆನೋವಿನಲ್ಲೇ ಏಳು ಬಗೆಯನ್ನು ಊಟದ ಹೊತ್ತಿನಲ್ಲಿ ನಮಗೆ ಮಾಡಿ ತೋರಿಸಿದ್ದಾರೆ. ನನ್ನ ಹೆಂಡತಿ ಈಗ ಅವರನ್ನು ಊಟಕ್ಕೆ ಕರೆಯುವುದಿಲ್ಲ, ಬರೀ ಕಾಫಿಗೆ ಕರೆಯುತ್ತಾಳೆ.

ಒಮ್ಮೆ ಕಿಡ್ನಿ ಸ್ಟೋನ್ ಪಾತ್ರ ಬಂತು. ಎಜ್‌ಬಾಸ್ಟನ್‌ಗೆ ಹೋಗುವ ಬಸ್ಸಿನಲ್ಲಿ ನಿಂತೇ ತಾಲೀಮು ಶುರು ಮಾಡಿದರು. ಅಜ್ಜಿಯೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟು, ತಮ್ಮ ಚೀಲದಿಂದ ಬೆನ್ನುನೋವಿನ ಮುಲಾಮನ್ನೂ ತೆಗೆದು ಕೊಟ್ಟರಂತೆ. ಮನೆಗೆ ಬಂದಾಗ ಚಿಕ್ಕಪ್ಪನ ಮುಖ ಬಾಡಿತ್ತು. ಪಾಪ, ಮುದುಕಿಗೆ ಮೋಸ ಮಾಡಿದ ಸಂಕಟವಿರಬೇಕು ಎಂದುಕೊಂಡೆ. ಎಲ್ಲಿಯ ಸಂಕಟ! ತಮ್ಮ ಕಿಡ್ನಿ ಸ್ಟೋನು ಬರೀ ಬೆನ್ನುನೋವಿನಂತೆ ಕಂಡಿತಲ್ಲ ಎಂಬುದು ಅವರ ದುಃಖ.

ಕೀರ್ತಿಯೂ ಬಂತು. ಸೆಲ್ಲಿ ಓಕ್‌ನ ಅಂಗಡಿಯಲ್ಲಿ ನಾವಿಬ್ಬರೂ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಯುವ ಡಾಕ್ಟರೊಬ್ಬಳು ಓಡಿಬಂದು, ಹೋದ ವರ್ಷದ ಪರೀಕ್ಷೆಯಲ್ಲಿ ತನಗೆ ಬಂದ ಮೂಲವ್ಯಾಧಿ ನೀವೇ ಅಲ್ಲವೇ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು. ನಾನು ಸೊಪ್ಪಿನೊಳಗೆ ಮುಖ ಹುದುಗಿಸಿದೆ. ಚಿಕ್ಕಪ್ಪ ಚಿತ್ರತಾರೆಯಂತೆ ಕೈಮುಗಿದು, ಅಭಿನಯ ಹೇಗಿತ್ತು ಎಂದು ಕೇಳಿದರು.

ಹೋದ ತಿಂಗಳು ಪರೀಕ್ಷೆ ಮುಗಿದ ಮೇಲೆ ಕರೆತರಲು ಕಾರು ತೆಗೆದುಕೊಂಡು ಹೋಗಿದ್ದೆ. ಸಾಮಾನ್ಯವಾಗಿ ದಾರಿಯುದ್ದಕ್ಕೂ ಪಾತ್ರದ ವರ್ಣನೆ ಇರುತ್ತದೆ. ಅಂದು ಎರಡು ಸಿಗ್ನಲ್ ದಾಟಿದ ಮೇಲೆ ತಾವಾಗಿಯೇ ಹೇಳಿದರು. ಆ ದಿನ ಅವರದು ಗಂಡನ ಪಾತ್ರ. ಹೆಂಡತಿಯ ಕಾಯಿಲೆಗೆ ಇನ್ನು ಚಿಕಿತ್ಸೆಯಿಲ್ಲ ಎಂದು ವಿದ್ಯಾರ್ಥಿ ಹೇಳಬೇಕು, ಇವರು ಸಿಟ್ಟಿನಿಂದ ಕೂಗಾಡಬೇಕು. ಐದು ಜನಕ್ಕೆ ಸರಿಯಾಗಿಯೇ ಕೂಗಾಡಿದರಂತೆ. ಆರನೆಯವಳು ಕುರ್ಚಿ ಹತ್ತಿರ ಎಳೆದುಕೊಂಡು, ಇವರ ಮುಖ ನೋಡುತ್ತ ಮೆಲ್ಲಗೆ ವಿಷಯ ಹೇಳಿದಳಂತೆ. ಆಮೇಲೆ ಏನೂ ಮಾತಾಡದೆ ಸುಮ್ಮನೆ ಪಕ್ಕದಲ್ಲಿ ಕೂತಳಂತೆ.

ನಮ್ಮ ಚಿಕ್ಕಮ್ಮ ತೀರಿಕೊಂಡು ಏಳು ವರ್ಷವಾಗಿದೆ.

"ನಿಮ್ಮ ಚಿಕ್ಕಮ್ಮನ ವಿಷ್ಯ ನಂಗೆ ಹೇಳಿದ ಡಾಕ್ಟ್ರು ಕಂಪ್ಯೂಟರ್ ನೋಡ್ಕೊಂಡೇ ಹೇಳಿದ್ರು ಕಣೋ," ಎಂದರು ಚಿಕ್ಕಪ್ಪ. "ಅವತ್ತು ಅಳೋಕ್ಕೇ ಆಗ್ಲಿಲ್ಲ. ಇವತ್ತು ಅತ್ತುಬಿಟ್ಟೆ."

ಪರೀಕ್ಷಕರು ಏನೂ ಅನ್ನಲಿಲ್ಲವೇ ಎಂದು ಕೇಳಿದೆ.

"ಅಭಿನಯ ತುಂಬಾ ಸಹಜವಾಗಿತ್ತು ಅಂದ್ರು. ಥ್ಯಾಂಕ್ಸ್ ಹೇಳಿ ಬಂದೆ."