ಕೆಂಪು ಸೀಗಡಿ ಮತ್ತು ಮ್ಯಾನೇಜರ್ ಕೆಲಸ

ಒಂದು ಗಳಿಗೆ ಕೂತು ಇದನ್ನು ಪೂರ್ತಿ ಕೇಳಿ. ಮಧ್ಯದಲ್ಲಿ ನಗು ಬಂದರೆ ತಡೆದುಕೊಳ್ಳಿ, ಯಾಕೆಂದರೆ ಬಾಳೂರಿನ ಗಿರಿ ಆವತ್ತು ಬೆಳಗಿನಿಂದ ಸಂಜೆವರೆಗೆ ಒಮ್ಮೆಯೂ ನಗಲಿಲ್ಲ. ಕೊನೆಗೆ ತೀರ್ಪು ಹೇಳಬೇಕಾದವರು ನೀವೇ.

ಎಲ್ಲಕ್ಕೂ ಕಾರಣ ಹೊಟ್ಟೆಕಿಚ್ಚು. ಅದೂ ಗಿರಿಯದ್ದಲ್ಲ, ಸಾವ್ಕಾರ್ ಗಂಗಾಧರಪ್ಪನವರದ್ದು. ಆಗ ಬಾಳೂರು ಕಡೆ ಎಸ್ಟೇಟಿಗೊಂದು ಹೋಮ್‌ಸ್ಟೇ ಏಳುತ್ತಿದ್ದ ಕಾಲ. ಇವರೂ ಹಳೇ ಬಂಗಲೆಗೆ ಸುಣ್ಣ ಬಣ್ಣ ಹೊಡೆಸಿ ಬೋರ್ಡು ನೆಟ್ಟಿದ್ದರು. ಆದರೆ ಚಿಕ್ಕಮಗಳೂರಿನ ಸ್ನೇಹಿತರೊಬ್ಬರ ಹೋಮ್‌ಸ್ಟೇಯಲ್ಲಿ ಗಾಜಿನ ತೊಟ್ಟಿಯೊಳಗೆ ಕೆಂಪು ಸೀಗಡಿಗಳು ಓಡಾಡುವುದನ್ನು ನೋಡಿ ಬಂದವರಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಬೆಂಗಳೂರಿಂದ ಒಂದು ಗಾಜಿನ ತೊಟ್ಟಿಯೂ, ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲವೂ ಬಂದಿಳಿದವು. ಚೀಲದೊಳಗೆ ಉಗುರಿನಷ್ಟುದ್ದದ ಕೆಂಪು ಸೀಗಡಿಗಳು, ಒಣಮೆಣಸಿನಕಾಯಿ ಚೂರಿಗೆ ಕಾಲು ಮೂಡಿದ ಹಾಗೆ.

"ಗಿರೀ, ಸಂಜೆ ಬೆಂಗಳೂರಿನ ಗೆಸ್ಟ್‌ಗಳು ಬರ್ತಾರೆ. ಅಷ್ಟರಲ್ಲಿ ಇದು ರೆಡಿಯಾಗಿರ್ಬೇಕು. ಮರಳು, ಪಾಚಿ, ಒಳ್ಳೇ ನೀರು. ತಾಮ್ರ ಮಾತ್ರ ತಾಗಿಸ್ಬೇಡ, ಸತ್ತೇಹೋಗ್ತವಂತೆ. ಇದನ್ನ ಸರಿಯಾಗಿ ಮಾಡಿದ್ರೆ ನಾಳೆಯಿಂದ ನೀನೇ ಹೋಮ್‌ಸ್ಟೇ ಮ್ಯಾನೇಜರು," ಎಂದು ಹೇಳಿ ಸಾವ್ಕಾರ್ರು ಜೀಪು ಹತ್ತಿದರು.

ಮ್ಯಾನೇಜರು! ಗಿರಿ ಏಳು ವರ್ಷದಿಂದ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಮಳೆಗಾಲವಿಡೀ ಜಿಗಣೆಗಳಿಗೆ ರಕ್ತದಾನ ಮಾಡಿ, ಕೊಯ್ಲಿನಲ್ಲಿ ಕಾಫಿ ಹಣ್ಣು ತೂಗಿ, ಆಳುಗಳ ಕೈಲೂ ಸಾವ್ಕಾರ್ರ ಕೈಲೂ ಬೈಸಿಕೊಂಡವನು. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಫ್ಯಾನಿನ ಕೆಳಗೆ ನಿಂತು, "ವೆಲ್ಕಮ್ ಸಾರ್" ಅನ್ನುವ ಕೆಲಸ ಅವನಿಗೆ ಕನಸಿನಲ್ಲೂ ಬರುತ್ತಿತ್ತು.

ತೊಟ್ಟಿಯನ್ನು ಬಂಗಲೆಯ ಹಜಾರದಲ್ಲಿಟ್ಟು ತಿರುಗುವಷ್ಟರಲ್ಲಿ ಅಡುಗೆಯ ಪಾಪಮ್ಮ ಚೀಲವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅಯ್ಯೋ ಗಿರಿಯಪ್ಪ, ಇದ್ರ ಸಿಪ್ಪೆ ಸುಲಿಯೋದ್ರೊಳಗೆ ನಂಗೆ ಮುಪ್ಪು ಬರತ್ತೆ. ಸಾರಿಗೆ ಒಂದ್ ಸೌಟಿಗೂ ಸಾಕಾಗಲ್ಲ."

"ತಿನ್ನೋದಲ್ಲ ಪಾಪಮ್ಮ, ನೋಡೋದು!"

"ಸೀಗಡಿ ನೋಡಕ್ಕೆ ಬೆಂಗ್ಳೂರಿಂದ ಬರ್ತಾರಾ? ಅಲ್ಲಿ ಸಂತೆ ಇಲ್ವಾ?"

ಗಿರಿ ಬಾಯಿ ತೆರೆಯುವ ಮೊದಲೇ ಅವಳು ಒಳಗೆ ಹೋಗಿ, ಥಳಥಳ ಬೆಳಗಿದ ತಾಮ್ರದ ಕೊಡ ಹೊತ್ತು ಬಂದಳು. "ರಾತ್ರಿಯೆಲ್ಲಾ ತಾಮ್ರದಲ್ಲಿಟ್ಟ ನೀರು. ಕುಡಿದ್ರೆ ಮನುಷ್ಯರಿಗೇ ಒಳ್ಳೇದು, ಈ ಹುಳಗಳಿಗೆ ಅಮೃತ."

"ಬೇಡಾ!" ಎಂದು ಗಿರಿ ಕೊಡಕ್ಕೆ ಅಡ್ಡ ಬಿದ್ದ. ಅರ್ಧ ನೀರು ಅವನ ತಲೆಯ ಮೇಲೆ, ಅರ್ಧ ನೆಲದ ಮೇಲೆ. ಪಾಪಮ್ಮನಿಗೆ ಸಿಟ್ಟು ಬಂತು. "ನಂ ಕೈ ನೀರು ಅಷ್ಟು ಕೆಟ್ಟೋಯ್ತಾ?" ಎಂದು ಮುಖ ತಿರುಗಿಸಿಕೊಂಡು ಹೋದಳು.

ಪಾಚಿ ಎಷ್ಟು ಹಾಕಬೇಕೆಂದು ಸಾವ್ಕಾರ್ರನ್ನು ಕೇಳೋಣವೆಂದರೆ ಬಂಗಲೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇಡೀ ಎಸ್ಟೇಟಿನಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಮೇಲೆ, ಅದೂ ಪೂರ್ವಕ್ಕೆ ಮುಖ ಮಾಡಿ ಒಂದು ಕೈ ಎತ್ತಿ ನಿಂತರೆ. ಗಿರಿ ಹತ್ತಿ, ಕೈಯೆತ್ತಿ ನಿಂತ. "ಪಾಚಿ ಒಂದ್ ಮುಷ್ಟಿ ಸಾಕು. ಅದನ್ನ ಕೇಳಕ್ಕೂ ಫೋನಾ?" ಎಂದು ಬೈಸಿಕೊಂಡು ಇಳಿದು ಬಂದ.

ಬಂದು ನೋಡಿದರೆ ತೊಟ್ಟಿ ಕಾಣುತ್ತಲೇ ಇಲ್ಲ. ಅದರ ಮೇಲೆ ಕಾಫಿ ನರ್ಸರಿಯ ಹಸಿರು ನೆರಳು ಬಲೆ. ಪಕ್ಕದಲ್ಲಿ ಆಳುಗಳ ಮೇಸ್ತ್ರಿ ಬೊಮ್ಮಯ್ಯ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಕೊಯ್ಲು ಮುಗಿದು ನರ್ಸರಿ ಚೀಲಕ್ಕೆ ಮಣ್ಣು ತುಂಬಿಸುತ್ತಿದ್ದ ದಿನಗಳವು. ಬೊಮ್ಮಯ್ಯನ ತಲೆಯಲ್ಲಿ ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ.

"ರೈಟ್ರೇ, ನೀವು ಬರೋದ್ರೊಳಗೆ ಮುಗಿಸ್ಬಿಟ್ಟೆ ನೋಡಿ. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು. ನರ್ಸರಿ ಮಿಕ್ಸು, ಜರಡಿ ಹಿಡಿದದ್ದು, ಮೇಲೆ ನೀರೂ ಹೊಯ್ದೆ. ಎಳೇ ಜೀವ ಅಲ್ವಾ, ಬಿಸಿಲು ತಾಗ್ಬಾರ್ದು ಅಂತ ನೆರಳೂ ಕಟ್ದೆ."

ಬಲೆ ಸರಿಸಿದರೆ ತೊಟ್ಟಿಯ ತುಂಬ ಮೂರು ಸಲ ಕುದಿಸಿದ ಡಿಕಾಕ್ಷನ್. ಸಗಣಿಯ ವಾಸನೆ ಬೇರೆ.

"ಏನ್ ಮಾರಾಯ ಇದು! ಇದ್ರಲ್ಲಿ ಸೀಗಡಿ ಬಿಡ್ತಾರಾ, ರೋಬಸ್ಟಾ ಕಾಫಿ ಗಿಡ ನೆಡ್ತಾರಾ?"

"ಬೈಬೇಡಿ ರೈಟ್ರೇ. ಈ ಮಣ್ಣಲ್ಲಿ ಒಣಕಡ್ಡಿ ನೆಟ್ರೂ ಚಿಗುರತ್ತೆ."

ಪುಣ್ಯಕ್ಕೆ ಸೀಗಡಿಗಳಿನ್ನೂ ಚೀಲದಲ್ಲೇ ಇದ್ದವು. ಗಿರಿ ಬಕೆಟ್ಟಿನಲ್ಲಿ ಮೊಗೆಮೊಗೆದು ಚೆಲ್ಲಿ, ತೊಟ್ಟಿ ಉಜ್ಜಿ, ಹಳ್ಳದ ಮರಳು ತಂದು ತೊಳೆದು ಹಾಸಿ, ಹಳ್ಳದ್ದೇ ನೀರು ತುಂಬಿಸಿ, ಬಂಡೆಯ ಪಾಚಿ ಕಿತ್ತು ಇಟ್ಟ. ಸೊಂಟ ಕಾಫಿ ಗಿಡದ ಕೊಂಬೆಯ ಹಾಗೆ ಬಾಗಿಹೋಯಿತು. ಕೊನೆಗೆ ಚೀಲ ಬಿಚ್ಚಿ ಸೀಗಡಿಗಳನ್ನು ಬಿಟ್ಟ. ಅವು ಒಂದು ಸುತ್ತು ಹೊಡೆದು, ಹೊಸ ಊರು ಹಿಡಿಸದವರಂತೆ ಪಾಚಿಯೊಳಗೆ ನುಗ್ಗಿದವು. ಗಿರಿ ಸ್ನಾನಕ್ಕೆ ಹೋದ.

ಮೈ ಒರೆಸಿಕೊಂಡು ಬರುವಾಗ ಪಾಪಮ್ಮನ ಕೂಗು ಕೇಳಿಸಿತು. "ಗಿರಿಯಪ್ಪಾ, ಹೋದ್ವು! ಎಲ್ಲಾ ಹೋದ್ವು!"

ಓಡಿ ಬಂದು ಬಗ್ಗಿ ನೋಡಿದ. ಮರಳಿನ ಮೇಲೆ ಬೆಳ್ಳಗೆ, ಪೊಳ್ಳಾಗಿ, ಕಾಲು ಮೀಸೆಗಳ ಸಮೇತ ಬಿದ್ದಿದ್ದವು. ಒಂದು, ಎರಡು, ಮೂಲೆಯಲ್ಲಿ ಮತ್ತೊಂದಷ್ಟು. ಕೆಂಪು ಬಣ್ಣದ್ದು ಒಂದೂ ಕಾಣಲಿಲ್ಲ.

"ತಾಮ್ರದ ನೀರು ಬೇಡ ಅಂದ್ಯಲ್ಲ, ನೋಡೀಗ. ರಕ್ತವೇ ಇಂಗೋಗಿದೆ," ಎಂದಳು ಪಾಪಮ್ಮ.

"ಗೊಬ್ಬರ ತೆಗೆದ್ರಲ್ಲ, ಶಕ್ತಿ ಸಾಲ್ಲಿಲ್ಲ," ಎಂದ ಬೊಮ್ಮಯ್ಯ.

ಗಿರಿಯ ಕಣ್ಣೆದುರಿಗೆ ಇಸ್ತ್ರಿ ಅಂಗಿ ಮಡಚಿಕೊಂಡು ಪೆಟ್ಟಿಗೆಯೊಳಗೆ ಹೋಯಿತು. ಜಿಗಣೆಗಳು ಸಾಲಾಗಿ ನಿಂತು ವೆಲ್ಕಮ್ ಅಂದವು.

"ಅದಕ್ಯಾಕೆ ಮುಖ ಬಾಡಿಸ್ತೀರಾ?" ಎಂದ ಬೊಮ್ಮಯ್ಯ. "ನಮ್ ಹಳ್ಳದಲ್ಲಿ ಸೀಗಡಿಗೆ ಬರವಾ? ಇದ್ರ ಅಪ್ಪನಂಥವು ಇದಾವೆ."

"ಅವು ಕೆಂಪಿಲ್ಲ ಮಾರಾಯ!"

"ಕೇಸರಿಬಾತಿನ ಬಣ್ಣ ಇದೆ, ಹಚ್ಚಲಾ?" ಎಂದಳು ಪಾಪಮ್ಮ.

"ಏನೂ ಬೇಡ. ಬೊಮ್ಮಯ್ಯ, ಬೇಗ ಹೋಗ್ ಮಾರಾಯ, ಖಾಲಿ ತೊಟ್ಟಿ ತೋರ್ಸೋದಕ್ಕಿಂತ ಏನೋ ಒಂದು ಓಡಾಡ್ಲಿ," ಎಂದ ಗಿರಿ.

ಬೊಮ್ಮಯ್ಯ ತಂದದ್ದು ಒಂದೇ ಒಂದು. ಆದರೆ ಅದು ಕೈಬೆರಳುದ್ದವಿತ್ತು. ಕಪ್ಪು ಮೈ, ಮೈಗಿಂತ ಉದ್ದದ ಎರಡು ಕೊಂಡಿ ಕೈ. ತೊಟ್ಟಿಗೆ ಬಿಟ್ಟೊಡನೆ ಠಾಣೆಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರಂತೆ ನಡುಮಧ್ಯದಲ್ಲಿ ಕಾಲು ಚಾಚಿ ಕೂತಿತು. ಅಷ್ಟರಲ್ಲಿ ಹೊರಗೆ ಜೀಪಿನ ಹಾರನ್.

ಸಾವ್ಕಾರ್ರ ಹಿಂದೆ ನಾಲ್ಕೈದು ಜನ ಗೆಸ್ಟ್‌ಗಳು ನೇರ ತೊಟ್ಟಿಯ ಬಳಿಗೇ ಬಂದರು. ಅವರಲ್ಲಿ ಶಾಲಿನಿ ಎಂಬಾಕೆ ಬಗ್ಗಿ ನೋಡಿದಳು. ಗಿರಿ ತಡೆಯಲಾರದೆ, "ಮೇಡಂ, ಕೆಂಪಿನವು... ತೀರ್ಕೊಂಡ್ವು," ಎಂದ.

"ಯಾರ್ ಹೇಳಿದ್ದು? ನಮ್ಮನೇಲೂ ಸಾಕಿದೀನಿ. ಇದು ಹೆಣ ಅಲ್ಲ, ಬರೀ ಚಿಪ್ಪು. ಹೊಸ ನೀರಿಗೆ ಬಿಟ್ರೆ ಹಾವು ಪೊರೆ ಬಿಟ್ಟಂಗೆ ಬಿಡ್ತವೆ. ಮೈ ಮೆತ್ತಗಾಗಿರತ್ತಲ್ಲ, ಅದಕ್ಕೆ ಅಡಗಿ ಕೂತ್ಕೊಳ್ತವೆ. ಅಗೋ ನೋಡಿ!"

ಹೌದು! ಪಾಚಿಯ ಸಂದಿಯಿಂದ ಒಂದು ಕೆಂಪು ಮೀಸೆ, ಅದರ ಹಿಂದೆ ಇನ್ನೊಂದು. ಗಿರಿ ಗಾಜಿಗೆ ಮೂಗು ಒತ್ತಿ ನೋಡಿದ. ಬಂದವು, ಎಲ್ಲಾ ಬದುಕಿವೆ, ಮ್ಯಾನೇಜರ್ ಕೆಲಸವೂ ಬದುಕಿದೆ...

ಇನ್ಸ್‌ಪೆಕ್ಟರು ಕೈ ಚಾಚಿದ. ಚಕ್! ಮುಂದಿನ ಕೆಂಪು ಸೀಗಡಿ ಕೊಂಡಿಯೊಳಗೆ. ಎರಡನೆಯದು ಓಡಿತು, ಅದೂ ಚಕ್!

"ಅಯ್ಯೋ ಪಾಪ!" ಎಂದು ಶಾಲಿನಿ ಕಿರುಚಿದಳು. ಉಳಿದವರೂ ಕಿರುಚುತ್ತಾ ಗಾಜಿಗೆ ಮುತ್ತಿದರು. ಗದ್ದಲದಲ್ಲಿ ಯಾರು ಅಳುತ್ತಿದ್ದಾರೆ, ಯಾರು ಬೈಯುತ್ತಿದ್ದಾರೆ, ಗಿರಿಗೆ ಒಂದೂ ತಿಳಿಯಲಿಲ್ಲ. ಸಾವ್ಕಾರ್ರು ಅವನಿಗೆ ಬೆನ್ನು ಮಾಡಿ ತೊಟ್ಟಿಯ ಮೇಲೆ ಬಗ್ಗಿದ್ದರು. ಅವರ ಭುಜ ಅಲ್ಲಾಡುತ್ತಿತ್ತು.

"ಈ ರಾಕ್ಷಸನ್ನ ಇಲ್ಲಿ ಬಿಟ್ಟಿದ್ದು ಯಾರು?" ದನಿ ಗುಡುಗಿನಂತಿತ್ತು.

ಗಿರಿ ಎರಡು ಹೆಜ್ಜೆ ಹಿಂದೆ ಸರಿದ. "ನಾನಲ್ಲ ಸಾರ್! ದೇವ್ರಾಣೆ ನಾನಲ್ಲ! ಎಲ್ಲಾ ಬೊಮ್ಮಯ್ಯಂದು. ಹಿಡ್ದಿದ್ದೂ ಅವ್ನೇ, ಬಿಟ್ಟಿದ್ದೂ ಅವ್ನೇ, ಐಡಿಯಾನೂ ಅವಂದೇ!"

ಸಾವ್ಕಾರ್ರು ತಿರುಗಿದರು. ಮುಖದಲ್ಲಿ ನಗು ಕಿವಿಯಿಂದ ಕಿವಿಗೆ ಹಬ್ಬಿತ್ತು. ಗೆಸ್ಟ್‌ಗಳು ಮೊಬೈಲ್ ಹಿಡಿದು, "ಸಾರ್, ಸೂಪರ್! ಟೀವಿಲಿ ಬೇಟೆ ನೋಡ್ದಂಗಿದೆ! ಇನ್ನೊಂದ್ಸಲ ತೋರ್ಸಿ ಸಾರ್!" ಎಂದು ಕುಣಿಯುತ್ತಿದ್ದರು.

"ಆ ಚಿಕ್ಕಮಗಳೂರಲ್ಲಿ ಬರೀ ಓಡಾಡ್ತವೆ, ನಮ್ಮಲ್ಲಿ ಕುಸ್ತಿ!" ಎಂದು ಸಾವ್ಕಾರ್ರು ಬೊಮ್ಮಯ್ಯನ ಬೆನ್ನು ತಟ್ಟಿದರು. "ಭೇಷ್! ತಲೆ ಅಂದ್ರೆ ಇದು. ನಾಳೆಯಿಂದ ಹೋಮ್‌ಸ್ಟೇಗೆ ನೀನೇ ಮ್ಯಾನೇಜರು."

"ಸಾರ್, ತರಕ್ಕೆ ಹೇಳಿದ್ದು ನಾನು..." ಎಂದು ಗಿರಿ ಶುರುಮಾಡಿದ.

"ಈಗ ತಾನೇ ದೇವ್ರಾಣೆ ಇಟ್ಯಲ್ಲೋ!"

ಬೊಮ್ಮಯ್ಯ ಹೆಗಲಿನ ಟವೆಲ್ ತೆಗೆದು ನೀಟಾಗಿ ಮಡಚಿದ. ಮ್ಯಾನೇಜರ್ ಗತ್ತು ಅಷ್ಟರಲ್ಲೇ ಬಂದುಬಿಟ್ಟಿತ್ತು. "ರೈಟ್ರೇ, ಬೆಳಿಗ್ಗೆ ಹಳ್ಳಕ್ಕಿಳಿದು ಇಂಥದ್ದೇ ಇನ್ನೆರಡು ಹಿಡ್ಕೊಂಡ್ ಬನ್ನಿ. ದಪ್ಪಂದೇ ಇರ್ಲಿ."

ಈಗ ನೀವೇ ಹೇಳಿ. ಬೆನ್ನು ತಿರುಗಿಸಿ ನಿಂತ ಸಾವ್ಕಾರ್ರು ಗುಡುಗಿದರೆ, ಅವರು ನಗುತ್ತಿದ್ದಾರೋ ಉರಿಯುತ್ತಿದ್ದಾರೋ ಯಾರಿಗೆ ಗೊತ್ತಾಗುತ್ತದೆ? ಗಿರಿಯ ಜಾಗದಲ್ಲಿ ನೀವಿದ್ದಿದ್ದರೆ, "ನಾನೇ ಸಾರ್" ಅನ್ನುತ್ತಿದ್ದಿರಾ?