ಸೊಸೆಗೆ ಕುರ್ಚಿ ಸಿಕ್ಕ ದಿನ

ಮಗನನ್ನು ಹೊಗಳಿಕೊಂಡರೆ ಜನ ಜಂಬ ಎನ್ನುತ್ತಾರೆ. ಅದೇ ಸೊಸೆಯನ್ನು ಹೊಗಳಿ ನೋಡಿ, ‘ಎಂಥ ದೊಡ್ಡ ಮನಸ್ಸು’ ಎಂದು ನಮ್ಮನ್ನೇ ಹೊಗಳುತ್ತಾರೆ. ಈ ಗುಟ್ಟು ತಿಳಿದ ಮೇಲೆ ನಾನು ಮಗನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದೇನೆ. ಕುಕನೂರಿನ ಬಜಾರದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಂಗಾವತಿಯಿಂದ ನಮ್ಮ ಮನೆಗೆ ಬಂದ ಸೊಸೆ ಪೂರ್ಣಿಮಾ ಹಲ್ಲಿನ ಡಾಕ್ಟರು. ಆಕೆ ದವಾಖಾನೆಗೆ ಜಾಗ ಹುಡುಕುತ್ತಿದ್ದಾಗ ಅಂಗಡಿಯ ನಡುವೆ ಗೋಡೆ ಎಬ್ಬಿಸಿ ಅರ್ಧ ಭಾಗ ಬಿಟ್ಟುಕೊಟ್ಟವನು ನಾನು. ಈ ಮಾತನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಈಗಲೂ ಹೇಳಿದೆ ನೋಡಿ.

ಹಲ್ಲು ನೋಡಲು ರೋಗಿಯನ್ನು ಒರಗಿಸುವ ಕುರ್ಚಿ ಲಾರಿಯಲ್ಲಿ ಬಂದು ಕೊಪ್ಪಳದ ಗೋದಾಮಿನಲ್ಲಿ ಇಳಿಯಿತು. ಅಲ್ಲಿಂದ ತರುವುದು ನಮ್ಮ ಪಾಡು. ಮಗ ಊರಲ್ಲಿರಲಿಲ್ಲ. “ನೀ ಯಾಕ ಬರ್ತಿಯವ್ವಾ? ಬುದ್ಧಿ ಬಂದಾಗಿಂದ ಬಟ್ಟಿ ಬೇಲು ಇಳಿಸಿದಾವ ನಾನು. ಒಂದು ಪೆಟ್ಟಿಗಿ ಏನ್ ಮಹಾ?” ಎಂದೆ. “ಖರೆ ಐತ್ರಿ ಮಾವಾರ. ಆದ್ರೂ ನಾನೂ ಬರ್ತೀನ್ರಿ,” ಎಂದವಳೇ ಬಾಡಿಗೆಯ ಟೆಂಪೋ ಹತ್ತಿ ಕೂತಳು. ಗೋದಾಮಿನಲ್ಲಿ ಆ ಕಟ್ಟಿಗೆಯ ಪೆಟ್ಟಿಗೆ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನಗಿಂತ ಎತ್ತರ. ಮೈತುಂಬ ಮೇಲೆ ನೋಡುವ ಬಾಣಗಳು, ಗಾಜಿನ ಲೋಟದ ಚಿತ್ರ, ಪಕ್ಕಕ್ಕೊಂದು ಪುಟ್ಟ ಬಿಳಿ ಬಿಲ್ಲೆ. ಪೆಟ್ಟಿಗೆ ವಾಲಿದರೆ ಆ ಬಿಲ್ಲೆ ಕೆಂಪಾಗುತ್ತದಂತೆ. ಕೆಂಪಾದರೆ ಕಂಪನಿಯವರು ಗ್ಯಾರಂಟಿ ಕೊಡುವುದಿಲ್ಲವಂತೆ. ಬಟ್ಟೆಯ ದೊಡ್ಡ ಗಂಟುಗಳಾದ ಬೇಲುಗಳನ್ನು ಉರುಳಿಸಿದ್ದೇನೆ, ಒದ್ದಿದ್ದೇನೆ, ಮೇಲೆ ಮಲಗಿ ನಿದ್ದೆಯನ್ನೂ ಮಾಡಿದ್ದೇನೆ. ಯಾವ ಬೇಲೂ ನನ್ನ ಮೇಲೆ ಹೀಗೆ ಚಾಡಿ ಹೇಳಿರಲಿಲ್ಲ.

ಪೂರ್ಣಿಮಾ ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಹಾಕಿ, ಹಲಗೆ ಹಲಗೆಯನ್ನೂ ಕೈಯಾಡಿಸಿ ನೋಡಿದ ಮೇಲೆಯೇ ಹಮಾಲರಿಗೆ ಏರಿಸಲು ಹೇಳಿದ್ದು. ಆಕೆ ಮುಂದೆ ಡ್ರೈವರನ ಪಕ್ಕ ಕೂತಳು. ನಾನು ಹಿಂದೆ ಹಗ್ಗ ಹಿಡಿದು, ಬಿಲ್ಲೆಯ ಮೇಲೆ ಕಣ್ಣು ನೆಟ್ಟು ನಿಂತೆ. ರಸ್ತೆಯ ಪ್ರತಿ ಉಬ್ಬಿಗೂ “ಸಾವಕಾಶೋ!” ಎಂದು ಕೂಗಿ ಕೂಗಿ ತಳಕಲ್ ಬರುವಷ್ಟರಲ್ಲಿ ಗಂಟಲು ಕಟ್ಟಿತು. ಚಹಾಕ್ಕೆ ನಿಲ್ಲಿಸಿದೆವು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಒಳಗ ಏನೈತ್ರಿ ಸಾವಕಾರ್ರ?” ಎಂದರು.

“ಕುರ್ಚಿ ರೀ. ನಮ್ಮ ಸೊಸಿದು.”

“ಹೌದಾ! ಅಧ್ಯಕ್ಷರ ಕುರ್ಚಿ ಏನ್ರಿ? ಯಾವಾಗ ಆರಿಸಿ ಬಂದ್ರು?”

ನಮ್ಮಲ್ಲಿ ಕುರ್ಚಿ ಎಂದರೆ ಒಂದೇ ಅರ್ಥ. ಬಿಡಿಸಿ ಹೇಳಬೇಕಿತ್ತು, ಆದರೆ ಗಂಟಲು ಕಟ್ಟಿತ್ತಲ್ಲ, ಸುಮ್ಮನೆ ನಕ್ಕುಬಿಟ್ಟೆ. ಅದರ ಫಲ ಕುಕನೂರಲ್ಲಿ ಕಂಡಿತು. ನಾವು ಮುಟ್ಟುವ ಮೊದಲೇ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಎದುರಿನ ಕಿರಾಣಿ ಅಂಗಡಿಯ ವೀರಣ್ಣ ಹಾರ ಹಿಡಿದೇ ನಿಂತಿದ್ದ. “ಯಾವ ಪಾರ್ಟಿಯಿಂದ ಅಣ್ಣಾರ? ನಮಗೊಂದು ಮಾತು ಹೇಳಬಾರದಾ?” ಎಂದ. ನಿಜ ತಿಳಿದ ಮೇಲೆ, ತಂದ ಹಾರ ವ್ಯರ್ಥವಾಗಬಾರದೆಂದು ಪೆಟ್ಟಿಗೆಗೇ ಹಾಕಿದ.

ತೊಂದರೆ ಶುರುವಾದದ್ದು ಆಮೇಲೆ. ಪೆಟ್ಟಿಗೆ ಬಾಗಿಲಲ್ಲಿ ಹಿಡಿಯಲಿಲ್ಲ. ಊರ ಮುಂದೆ ನನ್ನ ಅನುಭವ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೆ? “ಅಡ್ಡ ಹಾಕ್ರೋ! ಹೊಟ್ಟಿ ಮ್ಯಾಲೆ ಮಲಗಿಸಿ ದೂಡ್ರಿ!” ಎಂದು ಅಬ್ಬರಿಸಿದೆ. ನಮ್ಮ ಬಜಾರದ ಹಮಾಲರು ಭುಜ ಕೊಟ್ಟರು. ಪೆಟ್ಟಿಗೆ ವಾಲತೊಡಗಿತು.

“ಬ್ಯಾಡ್ರಿ! ನಿಲ್ಲಿಸ್ರಿ!”

ಮದುವೆಯಾಗಿ ಬಂದಾಗಿನಿಂದ ಆ ಹುಡುಗಿಯ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಹಮಾಲರು ಕಂಬದಂತೆ ನಿಂತರು, ನಾನೂ ನಿಂತೆ. ಬಜಾರವೆಲ್ಲ ನನ್ನ ಮುಖ ನೋಡುತ್ತಿತ್ತು. ಮಾವನ ಮಾತನ್ನು ಸೊಸೆ ನಡುಬೀದಿಯಲ್ಲಿ ತಡೆದಿದ್ದಳು. ಆಕೆಯ ಮುಖವೂ ಕೆಂಪಾಗಿತ್ತು. ಆದರೂ ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ. “ಅಡ್ಡ ಹಾಕಿದ್ರ ಕುರ್ಚಿ ಏರಿಸೂ ಎಣ್ಣಿ ಸೋರತೈತ್ರಿ ಮಾವಾರ. ಇಲ್ಲೇ ಬಿಚ್ಚೂಣ್ರಿ,” ಎಂದಳು ಮೆಲ್ಲಗೆ. ನಾನು ಬಿಲ್ಲೆ ನೋಡಿದೆ. ಬೆಳ್ಳಗೇ ಇತ್ತು. “ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ಲೇನ್ರೋ? ನೆಟ್ಟಗ ನಿಲ್ಲಿಸ್ರಿ!” ಎಂದು ಹಮಾಲರನ್ನೇ ಗದರಿದೆ. ಅವರು ಬೈದುಕೊಂಡರೋ ಏನೋ, ನನಗೆ ಕೇಳಿಸಲಿಲ್ಲ.

ಪೂರ್ಣಿಮಾ ಸೆರಗು ಬಿಗಿದು, ಹಾರೆ ಹಿಡಿದು, ತಾನೇ ಮೊದಲ ಹಲಗೆ ಎಬ್ಬಿಸಿದಳು. ಮೊಳೆ ಕಿರ್ರೆಂದು ಕಿತ್ತು ಬಂತು. “ನೋಡ್ರಿ, ಹಲ್ಲು ಕೀಳೂದು ಈಗ ಶುರು ಆತು,” ಎಂದಳು ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ ನನ್ನ ಹೆಂಡತಿ. ಬೀದಿಯೆಲ್ಲ ನಕ್ಕಿತು. ಥರ್ಮಾಕೋಲು ಗಾಳಿಗೆ ಹಾರಿ ವೀರಣ್ಣನ ಅಕ್ಕಿ ಚೀಲದ ಮೇಲೆ ಕೂತಿತು. ಕೊನೆಯ ಹಾಳೆ ಸರಿಸಿದಾಗ ತಿಳಿನೀಲಿ ಕುರ್ಚಿ ಬಿಸಿಲಲ್ಲಿ ಹೊಳೆಯಿತು. ನನ್ನ ಅಂಗಡಿಯ ಹೊಸ ಜಮಖಾನೆ ಹಾಸಿ, ಅದರ ಮೇಲೆ ಕುರ್ಚಿ ನಿಲ್ಲಿಸಿ, ನೆಟ್ಟಗೆ ಒಳಗೆ ಎಳೆದುಕೊಂಡೆವು. ಜಮಖಾನೆ ನನ್ನ ವಿಚಾರ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸಂಜೆ ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ನೀರು, ಕರೆಂಟು ಜೋಡಿಸಿ ಗುಂಡಿ ಒತ್ತಿದ. ಕುರ್ಚಿ ಸದ್ದಿಲ್ಲದೆ ಮೇಲೆದ್ದಿತು. ಪೂರ್ಣಿಮಾಳ ಕಣ್ಣುಗಳು ತುಂಬಿದ್ದವು. ನಾನು ನೆರೆದವರಿಗೆಲ್ಲ ಆ ಪೆಟ್ಟಿಗೆಯ ಪ್ರಯಾಣದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. “ಯಾರರ ಒಬ್ರು ಕೂತು ನೋಡಬೇಕ್ರಿ,” ಎಂದ ಮೆಕ್ಯಾನಿಕ್. “ಮಾವಾರ, ಮೊದಲು ನೀವಾ ಕೂಡ್ರಿ,” ಎಂದಳು ಸೊಸೆ. ಇಂಥ ಮಾನ ಯಾವ ಮಾವನಿಗೆ ಸಿಕ್ಕೀತು? ಟೋಪಿ ಸರಿಮಾಡಿಕೊಂಡು ಗತ್ತಿನಿಂದ ಕೂತೆ. ಕುರ್ಚಿ ಹಿಂದಕ್ಕೆ ವಾಲಿತು, ದೀಪ ಹತ್ತಿತು, ಸೊಸೆಯ ಕೈಯಲ್ಲಿ ಸಣ್ಣ ಕೊಕ್ಕೆಯೊಂದು ಮಿಂಚಿತು. “ಬಾಯಿ ತಗೀರಿ ಮಾವಾರ,” ಎಂದಳು.

ಮುಂಜಾನೆಯಿಂದ ಒಂದು ಗಳಿಗೆಯೂ ಮುಚ್ಚದಿದ್ದ ಬಾಯಿ, ಯಾರು ಏನು ಹೇಳಿದರೂ ತೆರೆಯಲೇ ಇಲ್ಲ.